ಚಿಕ್ಕ ಅಲೆಗೆ ಉದ್ದದ ಬೋರ್ಡ್: ಇರುವ ಅಳತೆಯನ್ನೇ ಹಿಗ್ಗಿಸಿದರೆ ಸಾಕೇ?

ಪ್ರಶ್ನೆ: ನಾನು ಸುರತ್ಕಲ್‌ನವನು. ವಯಸ್ಸು 36, ತೂಕ 78 ಕಿಲೋ. ಸರ್ಫಿಂಗ್ ಕಲಿತು ಕೆಲವು ವರ್ಷಗಳಾದವು. ಮೇ ಕೊನೆಯಲ್ಲಿ, ಆಮೇಲೆ ಸೆಪ್ಟೆಂಬರ್‌ನಲ್ಲಿ ಸಸಿಹಿತ್ಲಿನಲ್ಲಿ ಒಳ್ಳೆಯ ಅಲೆ ಇರುವಾಗ ನನ್ನ 6 ಅಡಿ 2 ಇಂಚಿನ ಬೋರ್ಡ್ ಚೆನ್ನಾಗಿಯೇ ಓಡುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ ಕಷ್ಟ. ಸೊಂಟದೆತ್ತರದ ಅಲೆ ಬಂದರೆ ಅದೇ ದೊಡ್ಡದು, ಹೆಚ್ಚಿನ ದಿನ ಮೊಣಕಾಲು, ತೊಡೆ ಅಷ್ಟೇ. ಬಾಡಿಗೆಯ 9 ಅಡಿ ಸಾಫ್ಟ್‌ಟಾಪ್ (ಮೆತ್ತಗಿನ ಹೊದಿಕೆಯ ಬೋರ್ಡ್) ತೆಗೆದುಕೊಂಡರೆ ಅಲೆ ಸಿಗುತ್ತದೆ, ಆದರೆ ನೆಟ್ಟಗೆ ದಡಕ್ಕೆ ಬಂದು ಇಳಿಯುವುದು ಬಿಟ್ಟರೆ ಬೇರೇನೂ ಮಾಡಲಾಗುವುದಿಲ್ಲ. ನನ್ನ 6'2" ಬೋರ್ಡಿನ ವಿನ್ಯಾಸವನ್ನೇ 8 ಅಡಿಗೆ ಹಿಗ್ಗಿಸಿ ಒಂದು ಮಾಡಿಸೋಣ ಅಂದುಕೊಂಡಿದ್ದೇನೆ. ಸರಿಹೋದೀತೇ?

ಉತ್ತರ: ದಯವಿಟ್ಟು ಹಿಗ್ಗಿಸಬೇಡಿ. ಹಣ ಕೊಟ್ಟು ಮಾಡಿಸುವ ಬೋರ್ಡ್ ಇದು, ಹಲವು ವರ್ಷ ಜೊತೆಗಿರಬೇಕಾದದ್ದು. ಹಿಗ್ಗಿಸಿದ ಬೋರ್ಡಿನಲ್ಲಿ ನಿಮಗೆ ಸಿಗುವುದು ಎರಡೂ ಕಡೆಯ ಕೊರತೆಗಳೇ. ನಿಮ್ಮ ಆಸೆ ಮಾತ್ರ ಸರಿಯಾಗಿಯೇ ಇದೆ. ಉದ್ದದ ಬೋರ್ಡಿನಲ್ಲೇ ಚಿಕ್ಕ ಅಲೆಯಲ್ಲಿ ಚುರುಕಾಗಿ ತಿರುಗಬಹುದು, ಅಂಥ ಬೋರ್ಡ್ ಮಾಡಬಹುದು. ಅದಕ್ಕೆ ಒಂದೇ ಹಲಗೆಯಲ್ಲಿ ಎರಡು ಬೋರ್ಡ್ ಇದೆ ಅಂತ ತಿಳಿದುಕೊಂಡು ಶುರುಮಾಡಬೇಕು. ಮುಂದಿನ ಅರ್ಧ ಅಲೆ ಹಿಡಿಯುವುದಕ್ಕೆ, ಹಿಂದಿನ ಅರ್ಧ ತಿರುಗುವುದಕ್ಕೆ. ನಾನು ಮುಂದೆ ಹೇಳುವುದೆಲ್ಲ ಇದರ ವಿವರವೇ.

ಮೊದಲು ಹಿಗ್ಗಿಸಿದರೆ ಏನಾಗುತ್ತದೆ ನೋಡಿ. ನಿಮ್ಮ ಬೋರ್ಡ್ 74 ಇಂಚು, ಬೇಕಾದದ್ದು 96 ಇಂಚು. ಅಂದರೆ 1.3 ಪಟ್ಟು. ಕಂಪ್ಯೂಟರ್‌ನಲ್ಲಿ ಎಲ್ಲ ಅಳತೆಯನ್ನೂ ಒಂದೇ ಪ್ರಮಾಣದಲ್ಲಿ ಎಳೆದರೆ ಅಗಲ 19 ಇಂಚಿದ್ದದ್ದು 24.5 ದಾಟುತ್ತದೆ, 33 ಲೀಟರ್ ಇದ್ದ ಗಾತ್ರ 72 ಲೀಟರ್ ಆಗುತ್ತದೆ. ನಿಮ್ಮ ತೂಕಕ್ಕೆ ಅದು ಬೋರ್ಡಲ್ಲ, ತೆಪ್ಪ. ಅದಕ್ಕಿಂತ ಕೆಟ್ಟದ್ದು ರಾಕರ್, ಅಂದರೆ ಬೋರ್ಡಿನ ತಳ ಮುಂದಕ್ಕೂ ಹಿಂದಕ್ಕೂ ಮೇಲೇಳುವ ಬಾಗು. ನೋಸ್‌ನಲ್ಲಿ, ಅಂದರೆ ಮುಂದಿನ ತುದಿಯಲ್ಲಿ, 5 ಇಂಚಿದ್ದ ಬಾಗು ಆರೂವರೆಯಾಗುತ್ತದೆ. ಅಷ್ಟು ಮೇಲೆದ್ದ ನೋಸ್ ಇಟ್ಟುಕೊಂಡು ತೊಡೆಯೆತ್ತರದ ಅಲೆ ಹಿಡಿಯಲು ಕೈ ಬೀಸಿದರೆ ಬೋರ್ಡ್ ನೀರನ್ನು ಮುಂದಕ್ಕೆ ತಳ್ಳುತ್ತಾ ಕೂರುತ್ತದೆ, ತಾನು ಮುಂದೆ ಹೋಗುವುದಿಲ್ಲ. ಅಗಲ, ದಪ್ಪ ಹಾಗೇ ಇಟ್ಟು ಉದ್ದ ಮಾತ್ರ ಎಳೆದರೂ ತೊಂದರೆ ತಪ್ಪಿದ್ದಲ್ಲ: ತಿರುಗಿಸುವಾಗ ಎದುರಾಗುವ ಜಡತ್ವ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. 1.3ರ ಘನ ಸುಮಾರು 2.2. ಎಲ್ಲ ಅಳತೆಯನ್ನೂ ಎಳೆದರೆ ಅದು ಐದನೇ ಘಾತ, ಸುಮಾರು 3.7 ಪಟ್ಟು. ದೋಟಿ ಹಿಡಿದು ತೆಂಗಿನಕಾಯಿ ಕೆಡವಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೂರು ಮಾರು ಬಿದಿರನ್ನು ಬುಡದಲ್ಲಿ ಹಿಡಿದು ಪಕ್ಕಕ್ಕೆ ಹೊರಳಿಸುವಾಗ ತೋಳಿಗೆ ಭಾರವಾಗುವುದು ಅದರ ಒಟ್ಟು ತೂಕವಲ್ಲ, ತುದಿಯಲ್ಲಿರುವ ತೂಕ.

ಈಗ ಅಲೆಯ ಕಡೆಗೆ ಬರೋಣ. ಅಲೆಯನ್ನು ಅರ್ಥ ಮಾಡಿಕೊಳ್ಳದೆ ಬೋರ್ಡಿನ ಅಳತೆ ಮಾತಾಡಿ ಪ್ರಯೋಜನವಿಲ್ಲ.

ಅಲೆಯ ಶಕ್ತಿ ಎತ್ತರದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಎತ್ತರ ಅರ್ಧವಾದರೆ ಶಕ್ತಿ ಕಾಲುಭಾಗ. ಜೊತೆಗೆ, ದಡದ ಹತ್ತಿರ ಅಲೆಯ ವೇಗವನ್ನು ನಿರ್ಧರಿಸುವುದು ನೀರಿನ ಆಳ. ಅಲೆ ಸಾಮಾನ್ಯವಾಗಿ ತನ್ನ ಎತ್ತರಕ್ಕಿಂತ ಸ್ವಲ್ಪವೇ ಹೆಚ್ಚು ಆಳದಲ್ಲಿ ಒಡೆಯುತ್ತದೆ. 2 ಮೀಟರ್ ಅಲೆ ಎರಡೂವರೆ ಮೀಟರ್ ನೀರಿನಲ್ಲಿ ಒಡೆಯುವಾಗ ಗಂಟೆಗೆ 18ರಿಂದ 24 ಕಿ.ಮೀ. ವೇಗದಲ್ಲಿರುತ್ತದೆ. 60 ಸೆಂಟಿಮೀಟರಿನ ಅಲೆ ಮುಕ್ಕಾಲು ಮೀಟರ್ ನೀರಿನಲ್ಲಿ ಒಡೆಯುವಾಗ 10ರಿಂದ 13 ಕಿ.ಮೀ. ಅಷ್ಟೆ. ಬೋರ್ಡ್ ನೀರಿನೊಳಗೆ ತೇಲುವ ಸ್ಥಿತಿಯಿಂದ ಎದ್ದು ನೀರಿನ ಮೇಲೆ ಜಾರುವ ಸ್ಥಿತಿಗೆ ಬರಬೇಕಲ್ಲ, ಆ ಎತ್ತುವ ಬಲ ವೇಗದ ವರ್ಗಕ್ಕೂ ತಳದ ವಿಸ್ತೀರ್ಣಕ್ಕೂ ತಕ್ಕಂತೆ ಇರುತ್ತದೆ. ವೇಗ ಅರ್ಧವಾದರೆ ಬಲ ಕಾಲುಭಾಗ. ಸೆಪ್ಟೆಂಬರಿನಲ್ಲಿ ಓಡಿದ 6'2" ಜನವರಿಯಲ್ಲಿ ಕಾಲ ಕೆಳಗೆ ಮುಳುಗಿದಂತೆ ಅನಿಸುವುದಕ್ಕೆ ಇದೇ ಕಾರಣ. ನೀವು ಸಪೂರ ಆಗಬೇಕಾಗಿಲ್ಲ, ವ್ಯಾಯಾಮ ಕಡಿಮೆಯಾಯಿತೆಂದು ಬೇಸರಿಸಬೇಕಾಗಿಯೂ ಇಲ್ಲ. ವೇಗದಲ್ಲಿ ಕಳೆದುಕೊಂಡದ್ದನ್ನು ವಿಸ್ತೀರ್ಣದಿಂದ ತುಂಬಿಸಬೇಕು.

ನಮ್ಮ ಕಡಲಿಗೆ ಇನ್ನೂ ಒಂದು ಗುಣವಿದೆ. ಮಳೆಗಾಲ ಕಳೆದ ಮೇಲೆ ಇಲ್ಲಿಗೆ ಬರುವ ಅಲೆ ಎರಡು ಬಗೆ. ದೂರದ ದಕ್ಷಿಣ ಸಾಗರದಿಂದ ಬರುವ ಉದ್ದನೆಯ ಅಲೆ ಒಂದು, 12–15 ಸೆಕೆಂಡಿಗೆ ಒಂದರಂತೆ ಬರುವಂಥದ್ದು. ಎತ್ತರ ಕಡಿಮೆಯಾದರೂ ಅದರಲ್ಲಿ ನೂಕುವ ಶಕ್ತಿ ಇರುತ್ತದೆ. ಇನ್ನೊಂದು, ಮಧ್ಯಾಹ್ನದ ಮೇಲೆ ಕಡಲಗಾಳಿ ಎಬ್ಬಿಸುವ ಚುಟುಕು ಅಲೆ, ಐದಾರು ಸೆಕೆಂಡಿಗೊಂದು. ನೋಡಲು ಎರಡೂ ಒಂದೇ ಎತ್ತರ ಕಾಣಬಹುದು, ಬೋರ್ಡಿಗೆ ಮಾತ್ರ ಬೇರೆಬೇರೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ನಮ್ಮ ಕರಾವಳಿಗೆ ಕೊಡುವ ಮುನ್ಸೂಚನೆಯಲ್ಲಿ ಎತ್ತರದ ಜೊತೆ ಅವಧಿಯನ್ನೂ, ಅಂದರೆ ಎಷ್ಟು ಸೆಕೆಂಡಿಗೊಂದು ಅಲೆ ಎಂಬುದನ್ನೂ, ಹೇಳಿರುತ್ತಾರೆ. ಮೀನುಗಾರರಿಗಾಗಿ ಕೊಡುವ ಮಾಹಿತಿ, ನಮಗೂ ಅಷ್ಟೇ ಉಪಯೋಗ. ಎತ್ತರದ ಅಂಕಿ ಮಾತ್ರ ನೋಡಿ ಮಲಗಿಬಿಡುವವರು ಒಳ್ಳೆಯ ಬೆಳಗುಗಳನ್ನು ಕಳೆದುಕೊಳ್ಳುತ್ತಾರೆ.

ಜಾಗವೂ ಲೆಕ್ಕಕ್ಕೆ ಬರುತ್ತದೆ. ಸಸಿಹಿತ್ಲಿನಲ್ಲಿ ಶಾಂಭವಿ, ನಂದಿನಿ ಎರಡೂ ಕಡಲು ಸೇರುವ ಅಳಿವೆ. ಹೊಳೆ ತಂದ ಮರಳಿನ ದಿಬ್ಬದ ಮೇಲೆ ಅಲೆ ಒಡೆಯುತ್ತದೆ, ಪ್ರತಿ ಮಳೆಗಾಲವೂ ಆ ದಿಬ್ಬ ಜಾಗ ಬದಲಾಯಿಸುತ್ತದೆ. ಅಲೆ ಮೆತ್ತಗೆ, ಉದ್ದಕ್ಕೆ ಓಡುತ್ತದೆ, ನಡುವೆ ಆಳ ಸಿಕ್ಕಿದಲ್ಲಿ ಸತ್ತುಹೋಗಿ ಮತ್ತೆ ಏಳುತ್ತದೆ. ಆ ಸತ್ತ ಜಾಗವನ್ನು ದಾಟಿಸುವ ಬೋರ್ಡ್ ನಿಮಗೆ ಬೇಕಾದದ್ದು. ಪಣಂಬೂರು, ತಣ್ಣೀರುಬಾವಿಗಳಲ್ಲಿ ದಡದುದ್ದಕ್ಕೂ ಒಮ್ಮೆಲೇ ಬಿದ್ದುಬಿಡುವ ಅಲೆ ಹೆಚ್ಚು. ಅಲ್ಲಿ ಬೇಗ ಎದ್ದು ಬೇಗ ಪಕ್ಕಕ್ಕೆ ತಿರುಗದಿದ್ದರೆ ಅಲೆ ಮುಗಿದೇಹೋಗುತ್ತದೆ. ಎರಡೂ ಕಡೆ ಆಗಬೇಕೆಂದರೆ 9 ಅಡಿ ಉದ್ದವಾಯಿತು, 7ಕ್ಕಿಂತ ಕಡಿಮೆ ಸಾಲದು. ನನ್ನ ಶಿಫಾರಸು 7 ಅಡಿ 8 ಇಂಚು.

ಉದ್ದ ಯಾಕೆ ಬೇಕು? ಮುಖ್ಯವಾಗಿ ಕೈ ಬೀಸುವಾಗ. ನೀವು ಮಲಗಿ ಕೈ ಬೀಸುತ್ತಿರುವಾಗ ಬೋರ್ಡ್ ಇನ್ನೂ ದೋಣಿ. ನೀರನ್ನು ಸೀಳಿಕೊಂಡು ಹೋಗಬೇಕು. ದೋಣಿಯ ಸಹಜ ವೇಗ ಅದರ ನೀರಿನಲ್ಲಿರುವ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ ಎಂಬುದು ನೌಕಾ ವಿನ್ಯಾಸದ ಹಳೆಯ ಲೆಕ್ಕ. ನೀರಿಗೆ ತಾಗುವ ಉದ್ದ 6 ಅಡಿಯಾದರೆ ಗಂಟೆಗೆ 6 ಕಿ.ಮೀ. ಆಸುಪಾಸು, 9 ಅಡಿಯಾದರೆ ಏಳೂವರೆಯ ಹತ್ತಿರ. ಒಂದೂವರೆ ಕಿ.ಮೀ. ವ್ಯತ್ಯಾಸ ಸಣ್ಣದು ಅನಿಸಬಹುದು. ಆದರೆ ಅಲೆಯೇ 10 ಕಿ.ಮೀ. ವೇಗದಲ್ಲಿ ಬರುತ್ತಿರುವಾಗ ಅದೇ ಅಲೆ ಸಿಕ್ಕಿತೇ ತಪ್ಪಿತೇ ಎಂಬುದನ್ನು ನಿರ್ಧರಿಸುತ್ತದೆ. ಇಲ್ಲಿ ಗಮನಿಸಿ, ಲೆಕ್ಕಕ್ಕೆ ಬರುವುದು ನೀರಿಗೆ ತಾಗುವ ಉದ್ದ. ನೋಸ್ ಗಾಳಿಯಲ್ಲಿ ಎದ್ದು ನಿಂತಿದ್ದರೆ 8 ಅಡಿ ಬೋರ್ಡ್ ಕೊಂಡರೂ ಸಿಗುವುದು ಆರೂವರೆ ಅಡಿಯ ವೇಗ.

ಎದ್ದು ನಿಂತ ಮೇಲೆ ಲೆಕ್ಕವೇ ಬದಲಾಗುತ್ತದೆ. ಬೋರ್ಡ್ ಜಾರಲು ಶುರುವಾದೊಡನೆ ಮುಂಭಾಗ ನೀರಿನಿಂದ ಹೊರಗೆ, ಹಿಂದಿನ ಅರ್ಧ, ಹೆಚ್ಚೆಂದರೆ ಮೂರನೇ ಎರಡು ಭಾಗ ಮಾತ್ರ ನೀರಿನಲ್ಲಿ. ಆಗ ಉದ್ದಕ್ಕಿಂತ ಅಗಲಕ್ಕೆ ಹೆಚ್ಚು ಬೆಲೆ. ಅಷ್ಟೇ ವಿಸ್ತೀರ್ಣವನ್ನು ಉದ್ದಕ್ಕೆ ಹರಡುವ ಬದಲು ಅಡ್ಡಕ್ಕೆ ಹರಡಿದರೆ ಕಡಿಮೆ ವೇಗದಲ್ಲೇ ಹಲಗೆ ಮೇಲೇಳುತ್ತದೆ. ವೇಗದ ದೋಣಿಗಳ ತಳದ ಬಗ್ಗೆ ನೌಕಾ ಎಂಜಿನಿಯರ್‌ಗಳು ಕಂಡುಕೊಂಡಿದ್ದ ಈ ಮಾತನ್ನು 1940ರ ದಶಕದಲ್ಲಿ ಸರ್ಫ್‌ಬೋರ್ಡಿಗೆ ತಂದವರು ಕ್ಯಾಲಿಫೋರ್ನಿಯಾದ ಬಾಬ್ ಸಿಮನ್ಸ್. ಅಗಲವಾದ ಟೇಲ್ (ಹಿಂದಿನ ತುದಿ), ಹೆಚ್ಚುಕಮ್ಮಿ ಸಮಾನಾಂತರ ಅಂಚುಗಳು, ಎರಡು ಫಿನ್ (ತಳದ ಹಿಂಭಾಗದ ರೆಕ್ಕೆ), ಫೈಬರ್‌ಗ್ಲಾಸ್ ಹೊದಿಕೆ, ಇವೆಲ್ಲ ಅವರ ಬೋರ್ಡುಗಳಲ್ಲಿದ್ದವು. 1954ರಲ್ಲಿ ಸರ್ಫ್ ಮಾಡುವಾಗಲೇ ತೀರಿಕೊಂಡರು. ಇವತ್ತು ಚಿಕ್ಕ ಅಲೆಗೆಂದು ಮಾಡುವ ಅರ್ಧಕ್ಕರ್ಧ ಬೋರ್ಡುಗಳಲ್ಲಿ ಅವರ ಕೈವಾಡ ಕಾಣುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ.

ಇನ್ನು ಅಳತೆಗೆ ಬರೋಣ. ಉದ್ದ 7'8", ನಡುವಿನ ಅಗಲ 22.25 ಇಂಚು, ದಪ್ಪ 2.8ರಿಂದ 2.9 ಇಂಚು. ಗಾತ್ರ 53–55 ಲೀಟರ್ ಬರುತ್ತದೆ, ನಿಮ್ಮ ತೂಕಕ್ಕೆ ಕಿಲೋಗೆ 0.7 ಲೀಟರ್ ಲೆಕ್ಕ. ಇದಕ್ಕಿಂತ ಹೆಚ್ಚು ಕೇಳಬೇಡಿ. ತೇಲುವಿಕೆ ಹೆಚ್ಚಾದಷ್ಟೂ ಅಂಚನ್ನು ನೀರಿಗೆ ಒತ್ತುವುದು ಕಷ್ಟ, ಅಂಚು ನೀರಿಗಿಳಿಯದೆ ತಿರುವಿಲ್ಲ. ಲೀಟರ್ ಎಷ್ಟು ಎಂದು ಕೇಳುವುದು ಈಗ ಎಲ್ಲರಿಗೂ ಅಭ್ಯಾಸವಾಗಿದೆ. ಒಂದೇ ಲೀಟರಿನ ಎರಡು ಬೋರ್ಡುಗಳಲ್ಲಿ ಒಂದು ಓಡುತ್ತದೆ, ಇನ್ನೊಂದು ಕೂರುತ್ತದೆ. ಲೀಟರ್ ಎಲ್ಲಿ ಕೂತಿದೆ ಎನ್ನುವುದೇ ಮುಖ್ಯ. ನಿಮ್ಮ ಬೋರ್ಡಿನಲ್ಲಿ ಅದು ಎದೆಯ ಕೆಳಗಿರಲಿ, ನೋಸ್ ತೆಳುವಾಗಿರಲಿ. ಮುಂದಿನ ಒಂದೂವರೆ ಅಡಿಯಲ್ಲಿ ಫೋಮ್ ಎಷ್ಟು ಕಡಿಮೆ ಮಾಡುತ್ತೀರೋ ಅಷ್ಟು ಬೋರ್ಡ್ ಚಿಕ್ಕದಾದಂತೆ ಅನಿಸುತ್ತದೆ. ಮೇಲೆ ಹೇಳಿದ ಜಡತ್ವ ತಗ್ಗಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ರಾಕರ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಬೋರ್ಡ್ ಕೆಡುವುದು ಹೆಚ್ಚಾಗಿ ಇಲ್ಲಿ. ನಿಮ್ಮ ಈಗಿನ ಬೋರ್ಡನ್ನು ಮಗುಚಿ ಎರಡು ಕುರ್ಚಿಯ ಮೇಲಿಡಿ. ಗಾರೆ ಕೆಲಸದವರು ಗೋಡೆ ಸಮ ಮಾಡಲು ಬಳಸುವ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ತಂದು ತಳದ ನಡುಗೆರೆಯ ಮೇಲೆ, ಸರಿಯಾಗಿ ಮಧ್ಯಬಿಂದುವಿನಲ್ಲಿ ಕೂರುವಂತೆ ಇಡಿ. ಪಟ್ಟಿಗೂ ನೋಸ್ ತುದಿಗೂ ನಡುವಿನ ಸಂದು ನೋಸ್ ರಾಕರ್, ಹಿಂದಿನದು ಟೇಲ್ ರಾಕರ್. ಅಷ್ಟಕ್ಕೇ ನಿಲ್ಲಬೇಡಿ. ನಡುವಿನಿಂದ ಹಿಂದಕ್ಕೂ ಮುಂದಕ್ಕೂ ಒಂದೊಂದು ಅಡಿಗೆ ಸ್ಕೇಲ್ ಇಟ್ಟು ಸಂದನ್ನು ಬರೆದುಕೊಳ್ಳುತ್ತಾ ಹೋಗಿ. ತುದಿಯ ಅಂಕಿ ಎರಡು ಬೋರ್ಡಿಗೆ ಒಂದೇ ಇದ್ದರೂ ನಡುವಿನ ಅಂಕಿಗಳು ಬೇರೆ ಇರುತ್ತವೆ, ಬೋರ್ಡಿನ ಸ್ವಭಾವ ಇರುವುದು ಅಲ್ಲಿ. ನಿಮ್ಮ 6'2"ನಲ್ಲಿ ಬಾಗು ಬಹುಶಃ ಉದ್ದಕ್ಕೂ ಸಮನಾಗಿ ಹರಡಿರುತ್ತದೆ. ಕಡಿದಾದ ಅಲೆಯಲ್ಲಿ ಅದು ಚೆನ್ನ, ಅಲೆಯ ಬಾಗಿಗೆ ಬೋರ್ಡಿನ ಬಾಗು ಕೂರುತ್ತದೆ.

ಹೊಸದಕ್ಕೆ ನೋಸ್ 4 ಇಂಚು, ಟೇಲ್ 2 ಇಂಚು ಅಥವಾ ಕೂದಲೆಳೆಯಷ್ಟು ಹೆಚ್ಚು ಸಾಕು. ನಡುವಿನ ಮೂರು ಅಡಿ ಹೆಚ್ಚುಕಮ್ಮಿ ಚಪ್ಪಟೆ ಇರಲಿ. ನೋಸ್‌ನ ಬಾಗೆಲ್ಲ ಮುಂದಿನ ಎರಡು ಅಡಿಯೊಳಗೆ ಬರಲಿ, ತೀರಾ ತುದಿಯಲ್ಲಿ ಒಮ್ಮೆಲೇ ಎದ್ದು ನಿಲ್ಲದ ಹಾಗೆ. ಇಲ್ಲಿ ಒಂದು ಇಕ್ಕಟ್ಟಿದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ತೊಡೆಯೆತ್ತರದ ಅಲೆಯ ಮುಖ ಬಲು ಚಿಕ್ಕದು, ಬೋರ್ಡ್ ಅದಕ್ಕಿಂತ ಉದ್ದ. ನೇರ ಕೆಳಗಿಳಿದರೆ ಟೇಲ್ ಇನ್ನೂ ಅಲೆಯ ಮೇಲಿರುವಾಗ ನೋಸ್ ಮುಂದಿನ ಚಪ್ಪಟೆ ನೀರಿಗೆ ಚುಚ್ಚುತ್ತದೆ. ಅದಕ್ಕೆ ರಾಕರ್ ಹೆಚ್ಚಿಸುವುದು ಪರಿಹಾರವಲ್ಲ, ಹೆಚ್ಚಿಸಿದರೆ ಅಲೆಯೇ ಸಿಗುವುದಿಲ್ಲ. ಮಲಗಿ ಕೈ ಬೀಸುವಾಗಲೇ ನೋಸನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿಟ್ಟುಕೊಂಡು ಓರೆಯಾಗಿ ಏಳುವುದನ್ನು ರೂಢಿಮಾಡಿಕೊಳ್ಳಿ.

ಚಪ್ಪಟೆ ಬೋರ್ಡ್ ತಿರುಗುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಶೇಪರ್‌ಗಳ, ಅಂದರೆ ಬೋರ್ಡ್ ಕೆತ್ತುವವರ ಕೈಯಲ್ಲಿ ಒಂದು ಒಳ್ಳೆಯ ಯುಕ್ತಿಯಿದೆ, ಕಾನ್ಕೇವ್. ತಳದ ನಡುಗೆರೆಯ ಉದ್ದಕ್ಕೆ ನಾಲ್ಕೈದು ಮಿಲಿಮೀಟರ್ ಆಳದ ತೆಳು ತಗ್ಗು ಕೆತ್ತಿದರೆ ನಡುಗೆರೆಯ ರಾಕರ್ ಚಪ್ಪಟೆಯಾಗುತ್ತದೆ, ಅಂಚಿನ ರಾಕರ್ ಮಾತ್ರ ಮೊದಲಿನಷ್ಟೇ ಬಾಗಿಕೊಂಡಿರುತ್ತದೆ. ಬೋರ್ಡ್ ಮಟ್ಟಸವಾಗಿ ಓಡುವಾಗ ನೀರು ಕಾಣುವುದು ನಡುವಿನ ಚಪ್ಪಟೆಯನ್ನು, ಹಾಗಾಗಿ ವೇಗ. ಅದನ್ನು ಅಂಚಿನ ಮೇಲೆ ವಾಲಿಸಿದಾಗ ನೀರು ಕಾಣುವುದು ಅಂಚಿನ ಬಾಗನ್ನು, ಹಾಗಾಗಿ ತಿರುವು. ನಿಮ್ಮ ಬೋರ್ಡಿಗೆ ಎದೆಯ ಕೆಳಗಿನಿಂದ ಫಿನ್‌ಗಳವರೆಗೆ ಇಂಥ ಒಂದು ಕಾನ್ಕೇವ್, ಫಿನ್‌ಗಳ ನಡುವೆ ಅದು ಎರಡಾಗಿ ಒಡೆದು, ಕೊನೆಯ ಆರೇಳು ಇಂಚಿನಲ್ಲಿ ತುಸು ವೀ ಆಕಾರ ಬರಲಿ. ಅಗಲವಾದ ಟೇಲನ್ನು ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಿಸುವುದು ಕಷ್ಟ, ಆ ವೀ ಇದ್ದರೆ ಸಲೀಸು. ನೋಸ್‌ನ ಕೆಳಗೆ ಕಾನ್ಕೇವ್ ಬೇಡ, ಸ್ವಲ್ಪ ಹೊಟ್ಟೆಯಿರಲಿ. ಮಧ್ಯಾಹ್ನದ ಗಾಳಿಗೆ ನೀರು ಕುದಿಯುತ್ತಿರುವಾಗ ಚಪ್ಪಟೆ ಮುಂಭಾಗ ಪಟಪಟ ಬಡಿದು ವೇಗ ತಿನ್ನುತ್ತದೆ.

ಟೇಲ್‌ನಿಂದ ಒಂದು ಅಡಿ ಮುಂದಕ್ಕೆ ಅಗಲ 15.5 ಇಂಚು ಇಟ್ಟುಕೊಳ್ಳಿ. ಫಿನ್‌ಗಳ ಸ್ವಲ್ಪ ಮುಂದೆ ಅಂಚಿನಲ್ಲಿ ಒಂದು ಸೊಂಟ, ಅಂದರೆ ನೇರವಾಗಿ ಬಂದ ರೇಖೆ ಅಲ್ಲಿ ಒಳಕ್ಕೆ ತಿರುಗಬೇಕು. ಮುಂದಿನದೆಲ್ಲ ಸಮಾನಾಂತರಕ್ಕೆ ಹತ್ತಿರ, ಬಾಗೆಲ್ಲ ಕೊನೆಯ ಒಂದೂವರೆ ಅಡಿಯಲ್ಲಿ. ಹಿಂದಿನ ಪಾದ ಅಲ್ಲಿಗೆ ಬಂದರೆ ನಿಮಗೆ ಸಿಗುವುದು 6 ಅಡಿ ಬೋರ್ಡಿನ ತಿರುವು, ಪಾದ ಒಂದು ಹೆಜ್ಜೆ ಮುಂದೆ ಹೋದರೆ ಏಳೂವರೆ ಅಡಿಯ ಓಟ. ಟೇಲ್‌ನ ತುದಿ ಸ್ಕ್ವಾಶ್ ಇರಲಿ, ಅಂದರೆ ಚೌಕದ ಮೂಲೆ ಉಜ್ಜಿದ ಹಾಗೆ. ಕವಲೊಡೆದ ಸ್ವಾಲೋ ಟೇಲ್ ಮಾಡಿದರೂ ಆದೀತು, ಹಿಡಿತ ಸ್ವಲ್ಪ ಹೆಚ್ಚು. ಚೂಪು ತುದಿಯ ಪಿನ್ ಟೇಲ್ ಬೇಡವೇ ಬೇಡ. ನೋಡಲು ಚೆಂದ, ದೊಡ್ಡ ಅಲೆಗೆ ಒಳ್ಳೆಯದು, ಮೆತ್ತಗಿನ ಅಲೆಯಲ್ಲಿ ಹಿಂಭಾಗ ಮುಳುಗಿ ಎಳೆಯುತ್ತದೆ. ಅಂಚುಗಳು ಮುಂದೆ ದುಂಡಗೆ ಮೆತ್ತಗಿರಲಿ. ಕೊನೆಯ ಒಂದೂವರೆ ಅಡಿಯಲ್ಲಿ ಕೆಳಗಿನ ಏಣು ಚೂಪಾಗಿರಲಿ, ಉಗುರು ಸವರಿದರೆ ತಾಗುವಷ್ಟು. ನೀರು ಅಲ್ಲಿ ಬೋರ್ಡನ್ನು ಬಿಟ್ಟು ಹೋಗಬೇಕು, ಸುತ್ತಿಕೊಂಡು ಮೇಲೇರಬಾರದು.

ಬಾಡಿಗೆಯ ಸಾಫ್ಟ್‌ಟಾಪ್ ಬಗ್ಗೆ ಬರೆದಿದ್ದೀರಿ. ಅದು ತಿರುಗದಿರುವುದಕ್ಕೆ ಉದ್ದ ಒಂದೇ ಕಾರಣವಲ್ಲ. ಕಲಿಯುವವರ ಸುರಕ್ಷೆಗೆಂದು ಮೆತ್ತಗಿನ ಹೊದಿಕೆ ಹಾಕಿರುತ್ತಾರೆ, ಅದರಲ್ಲಿ ಚೂಪಾದ ಏಣು ಮಾಡಲಾಗುವುದಿಲ್ಲ. ಅಂಚು ತುದಿಯಿಂದ ತುದಿಗೆ ದಪ್ಪ, ಫಿನ್‌ಗಳು ಬಾಗುವ ಪ್ಲಾಸ್ಟಿಕ್. ಅದರಲ್ಲಿ ತಿರುಗಲಾಗಲಿಲ್ಲವೆಂದು ನಿಮ್ಮ ಕೌಶಲದ ಬಗ್ಗೆ ಅನುಮಾನ ಪಡಬೇಡಿ. ಹಾಗೆಯೇ ಕೆಲವರು ಹಳೆಯ ಶೈಲಿಯ ನೋಸ್‌ರೈಡರ್ ಮಾಡಿಸಿ ಎಂದು ಸಲಹೆ ಕೊಟ್ಟಾರು: 9 ಅಡಿ ದಾಟಿದ, ಭಾರದ, ಒಂದೇ ದೊಡ್ಡ ಫಿನ್ ಇರುವ ಬೋರ್ಡ್. ಬಲು ಸುಂದರ ವಸ್ತು, ನನಗೆ ಬಹಳ ಇಷ್ಟ. ಆದರೆ ಅದರ ಟೇಲನ್ನು ಮೇಲಕ್ಕೆ ಬಾಗಿಸುವುದೇ ನೀರು ಅದನ್ನು ಕೆಳಕ್ಕೆ ಹಿಡಿದಿಟ್ಟುಕೊಳ್ಳಲಿ ಎಂದು, ಸವಾರ ತುದಿಗೆ ನಡೆದುಹೋಗಿ ನಿಲ್ಲಲಿ ಎಂದು. ನಿಧಾನಿಸುವುದು ಅದರ ಕೆಲಸ. ನೀವು ಕೇಳಿದ್ದು ಬೇರೆ.

ಫಿನ್‌ಗಳಿಗೆ ನಡುವೆ ಉದ್ದನೆಯ ಬಾಕ್ಸ್ (ಫಿನ್ ಕೂರುವ ಸೀಳು), ಎರಡು ಪಕ್ಕ ಸಣ್ಣ ಫಿನ್. ಮೂರು ಫಿನ್‌ಗಳ ಥ್ರಸ್ಟರನ್ನು ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ 1980ರಲ್ಲಿ ರೂಪಿಸಿದ ಮೇಲೆ ಉದ್ದದ ಬೋರ್ಡುಗಳಿಗೂ ಪಕ್ಕದ ಫಿನ್‌ಗಳು ಬಂದವು, ಅವುಗಳ ಸ್ವಭಾವವೇ ಬದಲಾಯಿತು. ನಿಮಗೆ ನಡುವಿನದು ಆರೂವರೆ, ಏಳು ಇಂಚು ಸಾಕು. ಬಾಕ್ಸಿನಲ್ಲಿ ಅದನ್ನು ಮುಂದಕ್ಕೆ ಸರಿಸಿದರೆ ಬೋರ್ಡ್ ಸಡಿಲ, ಹಿಂದಕ್ಕೆ ಸರಿಸಿದರೆ ಬಿಗಿ. ಅರ್ಧ ಇಂಚು ಸರಿಸಿದರೂ ಕಾಲಿಗೆ ಗೊತ್ತಾಗುತ್ತದೆ. ಮೆತ್ತಗಿನ ಅಲೆಯ ದಿನ ನಡುವಿನದನ್ನು ತೆಗೆದು ಪಕ್ಕಕ್ಕೆ ದೊಡ್ಡ ಎರಡು ಫಿನ್ ಹಾಕಿ ನೋಡುವ ಅವಕಾಶವೂ ಇರಲಿ, ಪಕ್ಕದ ಫಿನ್ ಕೂರುವ ಪ್ಲಗ್‌ಗಳನ್ನು ಅದಕ್ಕೆ ತಕ್ಕ ಗಟ್ಟಿಯಾಗಿ ಕೂರಿಸಲು ಮೊದಲೇ ಹೇಳಿಬಿಡಿ.

ಸಾಮಗ್ರಿ. ಪಾಲಿಯುರೆಥೇನ್ ಫೋಮ್, ಅಥವಾ ಇಪಿಎಸ್ (ಥರ್ಮಾಕೋಲ್ ಬಗೆಯ) ಫೋಮ್ ಮತ್ತು ಎಪಾಕ್ಸಿ ರೆಸಿನ್, ಎರಡರಲ್ಲಿ ಒಂದು. ಇಪಿಎಸ್ ಹಗುರ, ಬೆಳಗಿನ ನುಣ್ಣನೆ ನೀರಿಗೆ ಚೆನ್ನ. ನೌಕರಿ ಮುಗಿಸಿ ಸಂಜೆ ಬರುವವರಾದರೆ ಗಾಳಿಯ ಕೆದರಿದ ನೀರಿನಲ್ಲಿ ಅದು ಕುಪ್ಪಳಿಸುತ್ತದೆ, ಪಾಲಿಯುರೆಥೇನ್‌ನ ತುಸು ಭಾರವೇ ಅಲ್ಲಿ ನೆರವಿಗೆ ಬರುತ್ತದೆ. ಸತ್ತ ಜಾಗ ದಾಟುವಾಗಲೂ ಆ ಭಾರ ಓಟವನ್ನು ಉಳಿಸುತ್ತದೆ. ನಿಮಗೆ ನಾನು ಪಾಲಿಯುರೆಥೇನ್ ಹೇಳುತ್ತೇನೆ, ಒಟ್ಟು ನಾಲ್ಕು ಕಿಲೋ ಆಸುಪಾಸು. ಮೇಲೆ 4 ಔನ್ಸ್ ಫೈಬರ್‌ಗ್ಲಾಸ್ ಬಟ್ಟೆ ಎರಡು ಪದರ, ತಳಕ್ಕೆ ಒಂದು.

ಮಲ್ಪೆ, ಮಂಗಳೂರಿನಲ್ಲಿ ಫೈಬರ್ ದೋಣಿ ಮಾಡುವವರು ಇರುವುದರಿಂದ ಅಲ್ಲೇ ಮಾಡಿಸಿಬಿಡೋಣ ಎನ್ನುವವರಿದ್ದಾರೆ. ಅವರ ಕೈಚಳಕದ ಬಗ್ಗೆ ನನಗೆ ತುಂಬ ಗೌರವ. ಆದರೆ ಎರಡು ಎಚ್ಚರಿಕೆ. ದೋಣಿಗೆ ಹಾಕುವ ಕತ್ತರಿಸಿದ ನಾರಿನ ಮ್ಯಾಟ್ ಬೋರ್ಡಿಗಲ್ಲ, ರೆಸಿನ್ ಕುಡಿದು ಕಲ್ಲಿನಂತಾಗುತ್ತದೆ. ನೇಯ್ದ ತೆಳು ಬಟ್ಟೆಯೇ ಬೇಕು. ಇನ್ನೊಂದು, ದೋಣಿಯ ಪಾಲಿಯೆಸ್ಟರ್ ರೆಸಿನ್ ಥರ್ಮಾಕೋಲನ್ನು ಕರಗಿಸುತ್ತದೆ. ಇಪಿಎಸ್ ಎಂದರೆ ಥರ್ಮಾಕೋಲ್ ಜಾತಿಯೇ, ಅದಕ್ಕೆ ಎಪಾಕ್ಸಿ ಮಾತ್ರ. ನಮ್ಮ ಜೂನ್, ಜುಲೈ ತಿಂಗಳ ತೇವದಲ್ಲಿ ಎಪಾಕ್ಸಿ ಒಣಗುವಾಗ ಮೇಲೆ ಮೇಣದಂಥ ಪದರ ಕಟ್ಟುತ್ತದೆ, ನೀರಿನಲ್ಲಿ ತೊಳೆದು ಉಜ್ಜದೆ ಮುಂದಿನ ಕೋಟ್ ಹಾಕಿದರೆ ಅದು ಎದ್ದುಬರುತ್ತದೆ. ಸಾಧ್ಯವಾದರೆ ಗ್ಲಾಸಿಂಗ್, ಅಂದರೆ ಬಟ್ಟೆ ಮತ್ತು ರೆಸಿನ್ ಹೊದಿಸುವ ಕೆಲಸ ಡಿಸೆಂಬರ್, ಜನವರಿಯಲ್ಲಿ ಮಾಡಿಸಿ. ಬೋರ್ಡ್ ಸಿದ್ಧವಾದ ಮೇಲೆ ಏಪ್ರಿಲ್ ಬಿಸಿಲಲ್ಲಿ ಕಾರಿನ ಮೇಲೆ ಕಟ್ಟಿಟ್ಟು ಊಟಕ್ಕೆ ಹೋಗಬೇಡಿ, ಯಾವ ಫೋಮ್ ಆದರೂ ಹೊದಿಕೆ ಉಬ್ಬಿ ಬಿಟ್ಟುಕೊಳ್ಳುತ್ತದೆ.

ಬೋರ್ಡ್ ಕೈಗೆ ಬಂದ ಮೇಲೆ ಬದಲಾಗಬೇಕಾದದ್ದು ನಿಮ್ಮ ಪಾದ. 6'2"ನಲ್ಲಿ ಎದ್ದ ಜಾಗದಲ್ಲೇ ನಿಂತು ಎಲ್ಲ ಮಾಡಬಹುದು. ಇದರಲ್ಲಿ ನಿಲ್ಲಲು ಎರಡು ಜಾಗ: ಅಲೆ ಹಿಡಿದು ಓಡುವಾಗ ನಡುವಿಗಿಂತ ತುಸು ಹಿಂದೆ, ತಿರುಗುವಾಗ ಹಿಂದಿನ ಪಾದ ಫಿನ್‌ಗಳ ಮೇಲೆ. ನಡುವಿನ ಆ ಒಂದು ಹೆಜ್ಜೆಯನ್ನು ಮನೆಯ ಜಗಲಿಯಲ್ಲಿ ನೆಲಕ್ಕೆ ಗೆರೆ ಎಳೆದು ಅಭ್ಯಾಸ ಮಾಡಿ. ಈ ಹೆಜ್ಜೆ ಕಲಿಯದವರು ನನ್ನ ಬೋರ್ಡ್ ತಿರುಗುವುದಿಲ್ಲ ಎಂದು ದೂರುತ್ತಾರೆ, ಟೇಲ್ ಕಿರಿದು ಮಾಡಿಸಲು ಬರುತ್ತಾರೆ. ಕಿರಿದು ಮಾಡಿದರೆ ಚಿಕ್ಕ ಅಲೆಯ ಓಟವೇ ಹೋಗುತ್ತದೆ.

ಲೀಶ್, ಅಂದರೆ ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಬೋರ್ಡಿನಷ್ಟೇ ಉದ್ದವಾದದ್ದು, 8 ಅಡಿಯದು ತೆಗೆದುಕೊಳ್ಳಿ. ಭಾನುವಾರ ಸಂಜೆ ಪಣಂಬೂರಿನಲ್ಲಿ ಮಕ್ಕಳು ನೀರಾಡುವ ಕಡೆ ಈ ಬೋರ್ಡ್ ಇಳಿಸಬೇಡಿ. ನಾಲ್ಕು ಕಿಲೋ ಗಟ್ಟಿ ಹಲಗೆ ಅಲೆಯೊಡನೆ ಬಂದು ತಾಗಿದರೆ ತಲೆ ಒಡೆಯುತ್ತದೆ. ದಡದಲ್ಲಿ ಕೈರಂಪಣಿ ಬಲೆ ಬಿಟ್ಟಿದ್ದರೆ ಎಳೆದು ಮುಗಿಯುವವರೆಗೆ ಕಾಯಿರಿ, ಫಿನ್ ಸಿಕ್ಕಿದರೆ ಅವರ ಬಲೆಯೂ ಹರಿಯುತ್ತದೆ, ನೀವೂ ಸಿಕ್ಕಿಕೊಳ್ಳುತ್ತೀರಿ. ಮಳೆಗಾಲದ ದೊಡ್ಡ ಅಲೆಗೆ ಇದನ್ನು ಒಯ್ಯಬೇಡಿ. ಬರುವ ಅಲೆಯ ಕೆಳಗೆ ನುಸುಳಲು ಇಷ್ಟು ತೇಲುವ ಬೋರ್ಡ್ ಬಿಡುವುದಿಲ್ಲ, ಆ ಸೆಳೆತದಲ್ಲಿ ಅದು ಅಪಾಯ.

ಶೇಪರ್ ಬಳಿ ಹೋಗುವಾಗ ನಿಮ್ಮ 6'2"ಯನ್ನೂ ಆ ಅಡಿಗೊಂದರಂತೆ ಬರೆದ ರಾಕರ್ ಅಂಕಿಗಳನ್ನೂ ಒಯ್ಯಿರಿ. ಅದರಲ್ಲಿ ಯಾವ ತಿರುವು ನಿಮಗೆ ಇಷ್ಟ, ಹಿಂದಿನ ಪಾದ ಟೇಲ್‌ನಿಂದ ಎಷ್ಟು ಇಂಚು ಮುಂದೆ ಊರುತ್ತೀರಿ ಎಂದು ಕಾಲು ಜಾರದಂತೆ ಬೋರ್ಡಿಗೆ ಹಚ್ಚಿದ ಮೇಣದ ಮೇಲಿನ ಗುರುತು ತೋರಿಸಿ ಹೇಳಿ. ಹೊಸ ಬೋರ್ಡಿನ ಸೊಂಟ ಎಲ್ಲಿ ಬರಬೇಕೆಂಬುದನ್ನು ಅವರು ಆ ಗುರುತಿನಿಂದಲೇ ಅಳೆಯುತ್ತಾರೆ. ಮೊದಲ ದಿನ ನಡುವಿನ ಫಿನ್ ಬಾಕ್ಸಿನ ಮಧ್ಯದಲ್ಲಿಟ್ಟು ಶುರುಮಾಡಿ, ಕೆಲವು ದಿನ ಕಳೆದ ಮೇಲೆ ಕಾಲಿಂಚು ಕಾಲಿಂಚಾಗಿ ಮುಂದಕ್ಕೆ ಸರಿಸುತ್ತಾ ಬನ್ನಿ. ಟೇಲ್ ಜಾರತೊಡಗಿತು ಅನಿಸಿದಲ್ಲಿ ಒಂದು ಕಾಲಿಂಚು ಹಿಂದೆ ತಂದು ಬಿಗಿಮಾಡಿ.